ಹಿತ್ತಿಲ ಬಾಗಿಲ ಆಷಾಢ

ಜೂನ್ 22, ಭಾನುವಾರ. ಶಿಕಾರಿಪುರ

ಇನ್ನು ನಾಲ್ಕು ದಿನಕ್ಕೆ ಆಷಾಢ. ಹೊಸ ಸೊಸೆ ತವರಿಗೆ ಹೋಗಬೇಕಾದ ತಿಂಗಳು. ನಮ್ಮ ಸೊಸೆಗೆ ತವರೇ ಇಲ್ಲ.

ಮದುವೆಯ ಮಾತು ನಡೆಯುವಾಗ ಇದು ನನಗೆ ಹೊಳೆದೇ ಇರಲಿಲ್ಲ. ಸ್ಪಂದನ ಆರು ವರ್ಷದವಳಿದ್ದಾಗ ತಾಯಿ ತೀರಿಹೋದಳು. ಅಪ್ಪ ಇನ್ನೊಂದು ಮದುವೆಯಾಗಿ ಎಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ. ಹುಡುಗಿ ಶಿವಮೊಗ್ಗದ ಹಾಸ್ಟೆಲಿನಲ್ಲಿ ಬೆಳೆದು, ಓದಿ, ಅಂಜನಾಪುರದ ಅಂಚೆ ಕಚೇರಿಯಲ್ಲಿ ಕೆಲಸ ಹಿಡಿದಿದ್ದಾಳೆ ಎಂದು ಮಗ ಶರತ್ ಹೇಳಿದಾಗ ನಾನೇ ಮುಂದೆ ನಿಂತು ಒಪ್ಪಿದೆ. ಬೀಗರ ಕಾಟವಿಲ್ಲ ಎಂದು ಒಳಗೊಳಗೇ ಖುಷಿಯೂ ಆಗಿತ್ತು. ಡೈರಿಯಲ್ಲಾದರೂ ಸುಳ್ಳು ಬರೆಯಬಾರದು.

ಮದುವೆಯಾಗಿ ಎರಡು ತಿಂಗಳಾಯಿತು. ಹುಡುಗಿ ಜಗಳಗಂಟಿಯಲ್ಲ. ಜಗಳವಾಡಿದ್ದರೇ ವಾಸಿಯಿತ್ತು. ಐದು ನಿಮಿಷದಲ್ಲಿ ಉಂಡೇಳುತ್ತಾಳೆ, ತನ್ನ ತಟ್ಟೆ ತಾನೇ ತೊಳೆದು ಬೇರೆ ಕಡೆ ಒರಗಿಸುತ್ತಾಳೆ. ಆ ತಟ್ಟೆಯ ಬೆನ್ನಿಗೆ "ಸ್ಪಂ 41" ಎಂದು ಗೀಚಿದೆ, ಹಾಸ್ಟೆಲಿನಲ್ಲಿ ಅವಳ ನಂಬರಂತೆ. ಅದು ಹಳೆಯ ತಟ್ಟೆ, ಇರಲಿ. ಇಲ್ಲಿಗೆ ಬಂದ ಮೇಲೆ ತೆಗೆದುಕೊಂಡ ಬಕೆಟ್ಟಿಗೂ ಸೋಪಿನ ಡಬ್ಬಿಗೂ ಅದೇ! ನಮ್ಮ ಮನೆಯಲ್ಲಿ ಕಳ್ಳರಿದ್ದಾರೆಯೇ? ಇವತ್ತು ಅಡುಗೆಮನೆ ಬಾಗಿಲಲ್ಲಿ ನಿಂತು, "ಅತ್ತೆ, ಒಂದು ಚೂರು ಬೆಲ್ಲ ತಗೋಬೋದಾ?" ಎಂದಳು. ನನಗೆ ಮೈಯೆಲ್ಲ ಉರಿಯಿತು. "ಅರ್ಜಿ ಬರ್ಕೊಡು" ಎಂದೆ. ಅವಳು ನಗಲಿಲ್ಲ. ಬೆಲ್ಲವನ್ನೂ ತೆಗೆದುಕೊಳ್ಳಲಿಲ್ಲ.

ಜೂನ್ 24, ಮಂಗಳವಾರ

ಪಕ್ಕದ ಮನೆಯ ಖತೀಜಾಬಿ ಮಗಳು ಆತಿಫಾ ಬಂದಿದ್ದಾಳೆ, ಒಂದು ತಿಂಗಳು ಇರುತ್ತಾಳಂತೆ. ಅವಳದೂ ಹೊಸ ಮದುವೆ. ಮೊಹರಂ ಚಂದ್ರನನ್ನು ಹೊಸ ಸೊಸೆ ಅತ್ತೆಮನೆಯಲ್ಲಿ ನೋಡಬಾರದು ಎಂದು ಅವರ ಮನೆತನದಲ್ಲಿ ನಡೆದು ಬಂದಿದೆಯಂತೆ. ಈ ಸಲ ಅವರ ಮೊಹರಂ ತಿಂಗಳು, ನಮ್ಮ ಆಷಾಢ ಒಟ್ಟೊಟ್ಟಿಗೇ ಬಂದಿವೆ. "ನಿಮ್ದೂ ನಮ್ದೂ ಲೆಕ್ಕ ಒಂದೇ ಆಯ್ತಲ್ರೀ ನರ್ಸಮ್ಮ" ಎಂದು ಖತೀಜಾಬಿ ನಕ್ಕಳು.

ಸಂಜೆ ಕೆಲಸ ಮುಗಿಸಿ ಬಂದ ಸ್ಪಂದನ ಬಟ್ಟೆ ತೆಗೆಯಲು ಹಿತ್ತಿಲಿಗೆ ಹೋದವಳು ಬಹಳ ಹೊತ್ತು ಒಳಗೆ ಬರಲಿಲ್ಲ. ಇಣುಕಿ ನೋಡಿದೆ. ಗೋಡೆಯಾಚೆ ಖತೀಜಾಬಿ ಮಗಳ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಈಚೆ ಇವಳು ಒಣಗಿದ ಬಟ್ಟೆಯನ್ನು ಎದೆಗವಚಿಕೊಂಡು ಅದನ್ನೇ ನೋಡುತ್ತ ನಿಂತಿದ್ದಳು. ಬಟ್ಟೆ ತೆಗೆಯುವುದಕ್ಕೆ ಇಷ್ಟು ಹೊತ್ತೇ ಎಂದು ಕೂಗಬೇಕೆಂದುಕೊಂಡೆ, ಕೂಗಲಿಲ್ಲ.

ಜೂನ್ 25, ಬುಧವಾರ. ಮಣ್ಣೆತ್ತಿನ ಅಮಾವಾಸ್ಯೆ

ತೀರ್ಮಾನ ಮಾಡಿದೆ. ಸೊಸೆಗೆ ತವರಿಲ್ಲದಿದ್ದರೆ ಏನಾಯಿತು, ನನಗಿದೆಯಲ್ಲ. ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು ಅಷ್ಟೇ ತಾನೇ? ಇಬ್ಬರಲ್ಲಿ ಒಬ್ಬರು ಹೋದರೆ ಸರಿ. ಸೊರಬದ ಕುಪ್ಪಗಡ್ಡೆಯಲ್ಲಿ ಅಣ್ಣ ಜಯಪ್ಪ ಇದ್ದಾನೆ. ಐವತ್ತೊಂಬತ್ತನೇ ವಯಸ್ಸಿನಲ್ಲಿ ನಾನೇ ಆಷಾಢಕ್ಕೆ ತವರಿಗೆ ಹೊರಟೆ. ಯಾರಾದರೂ ಕೇಳಿದರೆ ನಗುತ್ತಾರೆ, ನಗಲಿ.

ಶರತ್ ರೇಗಿದ. ಅವನಿಗೆ ಈಗ ಟಿಲ್ಲರ್ ರಿಪೇರಿಯ ಸುಗ್ಗಿ, ಊಟಕ್ಕೂ ಪುರುಸೊತ್ತಿಲ್ಲ. "ಅಮ್ಮಾ, ನರ್ಸ್ ಆಗಿದ್ದೋಳು ನೀನು, ಇದನ್ನೆಲ್ಲ ನಂಬ್ತೀಯಾ?" ಎಂದ.

ನಂಬುವುದಿಲ್ಲ. ಆಷಾಢದಲ್ಲಿ ಗಂಡ ಹೆಂಡಿರು ಕೂಡಿದರೆ ಚೈತ್ರದ ಬಿಸಿಲಿಗೆ ಹೆರಿಗೆ, ಬಾಣಂತಿಗೂ ಕೂಸಿಗೂ ಕಷ್ಟ, ಅದಕ್ಕೇ ಅಗಲಿಸುತ್ತಾರೆ ಎನ್ನುವ ಮಾತು ನನಗೂ ಗೊತ್ತು. ಮೂವತ್ತೆರಡು ವರ್ಷದಲ್ಲಿ ಚೈತ್ರದಲ್ಲಿ ಎಷ್ಟು ಹೆರಿಗೆ ಮಾಡಿಸಿದ್ದೇನೋ! ಎಲ್ಲ ಕೂಸುಗಳೂ ಈಗ ಮೀಸೆ ಬಿಟ್ಟುಕೊಂಡು ಬೈಕ್ ಓಡಿಸುತ್ತಿವೆ. ಶರತ್, ಸ್ಪಂದನ ಬೇಕಾದರೆ ಒಟ್ಟಿಗಿರಲಿ. ಹೊಸ್ತಿಲಿನ ವಿಷಯ ಮಾತ್ರ ಬೇರೆ. ನನಗೆ ಬಿಪಿ ಇದೆ. ಈ ವರ್ಷ ನನಗೇನಾದರೂ ಹೆಚ್ಚುಕಮ್ಮಿಯಾದರೆ ಜನ ಬಾಯಿ ಮುಚ್ಚಿಕೊಂಡಿರುವುದಿಲ್ಲ.

ಇದನ್ನೆಲ್ಲ ಬಿಡಿಸಿ ಹೇಳುತ್ತ ಕೂರಲು ನನಗೆ ಬರುವುದಿಲ್ಲ. "ಶ್ರಾವಣಕ್ಕೆ ಬರ್ತೀನಿ. ಒಲೆ ಹುಷಾರು" ಎಂದು ಚೀಲ ಹಿಡಿದೆ. ಸ್ಪಂದನ ಬಾಗಿಲ ತನಕ ಬಂದಳು. "ನಾನೇನಾದ್ರೂ ತಪ್ಪು ಮಾಡಿದ್ನಾ ಅತ್ತೆ?" ಎಂದಳು. ಬಸ್ಸಿಗೆ ಹೊತ್ತಾಗುತ್ತಿತ್ತು. "ಎಂಥದೂ ಇಲ್ಲ" ಎಂದು ಹೊರಟೆ.

ಜೂನ್ 27, ಶುಕ್ರವಾರ. ಕುಪ್ಪಗಡ್ಡೆ

ಅಣ್ಣ ಅತ್ತಿಗೆ ಇಬ್ಬರೂ ಮೊದಲು ನಕ್ಕರು, ಆಮೇಲೆ ಸಂಭ್ರಮಪಟ್ಟರು. ಅತ್ತಿಗೆಯಂತೂ, "ಬಾರೇ ಮದುಮಗಳೇ, ಮೂವತ್ತಾರು ವರ್ಷದ ಮೇಲೆ ಮತ್ತೆ ಆಷಾಢಕ್ಕೆ ಬಂದ್ಯಲೇ ಮಾರಾಯ್ತಿ" ಎಂದು ಕಾಲಿಗೆ ನೀರು ಕೊಟ್ಟಳು. ಭತ್ತದ ಸಸಿಮಡಿ ಎದ್ದಿದೆ. ಮುಂದಿನ ವಾರ ನಾಟಿಯಂತೆ.

ಜೂನ್ 30, ಸೋಮವಾರ

ಇಲ್ಲಿ ನನಗೆ ಕೆಲಸವೇ ಇಲ್ಲ. ಅತ್ತಿಗೆ ಕಸಬರಿಗೆ ಮುಟ್ಟಲು ಬಿಡುವುದಿಲ್ಲ. ನಾನು ಹುಟ್ಟಿ ಬೆಳೆದ ಮನೆ, ಆದರೂ ಯಾವ ಡಬ್ಬಿಯಲ್ಲಿ ಏನಿದೆ ಗೊತ್ತಾಗುವುದಿಲ್ಲ. ಸಂಜೆ ಎರಡನೇ ಸಲ ಚಹಾ ಬೇಕೆನಿಸಿ ಅತ್ತಿಗೆಯನ್ನು ಹುಡುಕಿಕೊಂಡು ಹಿತ್ತಿಲಿಗೆ ಹೋಗಿ, ಒಂದು ಚಮಚ ಸಕ್ಕರೆ ತೆಗೆದುಕೊಳ್ಳಲೇ ಎಂದು ಕೇಳಿ ಬಂದು ಮಾಡಿಕೊಂಡೆ. ಕುಡಿದ ಲೋಟ ನಾನೇ ತೊಳೆದಿಟ್ಟೆ. ನಾಟಿಯ ಆಳುಗಳ ಟವೆಲ್ಲುಗಳ ಜೊತೆ ಬೆರೆತುಹೋಗುತ್ತದೆ ಎಂದು ನನ್ನ ಟವೆಲ್ಲಿನ ಅಂಚಿಗೆ ಒಂದು ಕೆಂಪು ದಾರ ಹೊಲಿದುಕೊಂಡಿದ್ದೇನೆ.

ಶರತ್ ಫೋನ್ ಮಾಡಿದ್ದ. ಎಲ್ಲ ಸರಿಯಾಗಿದೆ ಎಂದ. ಸ್ಪಂದನ ಪಕ್ಕದಲ್ಲೇ ಇದ್ದಳಂತೆ. ಕೊಡು ಎಂದು ನಾನೂ ಹೇಳಲಿಲ್ಲ.

ಜುಲೈ 6, ಭಾನುವಾರ. ಪ್ರಥಮ ಏಕಾದಶಿ

ಇವತ್ತೇ ಅವರ ಮೊಹರಂ ಕೂಡ. ಖತೀಜಾಬಿ ಮನೆಯಿಂದ ಪ್ರತಿ ವರ್ಷ ನಮಗೆ ಶರಬತ್ತು ಬರುತ್ತಿತ್ತು. ಇವತ್ತು ಏಕಾದಶಿಯ ಉಪವಾಸ. ಶರಬತ್ತಿಗೆ ದೋಷವಿಲ್ಲ ಎಂದು ಯಜಮಾನರು ಹುಚ್ಚರಾಯಪ್ಪನವರು ಇದ್ದಾಗ ಒಂದು ಸಲ ಗಟಗಟ ಕುಡಿದದ್ದು ನೆನಪಾಯಿತು. ಅವರು ಹೋಗಿ ಆರು ವರ್ಷ.

ಗದ್ದೆಯ ಬದುವಿನ ಮೇಲೆ ಕೂತು ನಾಟಿ ನೋಡುತ್ತಿದ್ದೆವು. ಆಷಾಢದಲ್ಲಿ ಸೊಸೆಯನ್ನು ತವರಿಗೆ ಕಳಿಸುವುದು ಯಾಕೆ ಶುರುವಾಯಿತು ಎಂದು ಅತ್ತಿಗೆಯನ್ನು ಕೇಳಿದೆ. ಅವಳು ಎಲೆಗೆ ಸುಣ್ಣ ಸವರುತ್ತ, "ಇದೇ ನೋಡು ಕಾರಣ" ಎಂದು ಗದ್ದೆ ತೋರಿಸಿದಳು. "ಬೆಳಗಿಂದ ಸಂಜೆತನ್ಕ ಕೆಸರಲ್ಲಿ ಬಗ್ಗಿ ನಿಲ್ಲದು ಅಂದ್ರೆ ಸುಮ್ನೆಯಾ? ಹೊಸ ಹುಡುಗಿ ಬಂದ ವರ್ಷನೇ ಗದ್ದಿಗೆ ಇಳಿಸಿ ಸಾಯಿಸ್ಬಾರ್ದು, ಒಂದು ತಿಂಗಳು ಅವಳವ್ವನ ಮನೇಲಿ ಬಿಸಿ ಅನ್ನ ಉಣ್ಲಿ ಅಂತ ಯಾರೋ ಪುಣ್ಯಾತ್ಗಿತ್ತಿ ಮಾಡಿದ್ದು ಇರ್ಬೇಕು. ಹಂಗೇ ಹೇಳಿದ್ರೆ ಗಂಡಸ್ರು ಕೇಳ್ತಿದ್ರಾ? ಅದ್ಕೇ ಅತ್ತೆಗೆ ಕೇಡು ಅಂತ ಹೆದರ್ಸಿದ್ಲು."

ನನಗೆ ನಗು ಬಂತು. ಆಮೇಲೆ ನಗು ನಿಂತುಹೋಯಿತು. ಯಾವುದೋ ಕಾಲದ ಒಬ್ಬ ಹೆಂಗಸು ಯಾವುದೋ ಹುಡುಗಿಯ ಮೇಲಿನ ಕರುಣೆಯಿಂದ ಹೇಳಿದ ಸುಳ್ಳನ್ನು ನಾವು ಇಷ್ಟು ವರ್ಷ ಹುಡುಗಿಯರ ಮೇಲೆಯೇ ಹೊರಿಸುತ್ತ ಬಂದೆವೇನೋ.

ಜುಲೈ 9, ಬುಧವಾರ

ಅಣ್ಣ ಗುಡವಿ ಪಕ್ಷಿಧಾಮಕ್ಕೆ ಕರೆದುಕೊಂಡು ಹೋಗಿದ್ದ. ಕೆರೆಯೊಳಗಿನ ಮರಗಳ ತುಂಬ ಬೆಳ್ಳಗೆ ಹಕ್ಕಿಗಳು. ಗೂಡಿಗಾಗಿ ಜಗಳ, ಕೂಗಾಟ, ಥೇಟ್ ನಮ್ಮ ಹೆರಿಗೆ ವಾರ್ಡು. ಮಳೆ ಹಿಡಿಯುತ್ತಲೇ ಎಲ್ಲಿಂದಲೋ ಬಂದು, ಮೊಟ್ಟೆಯಿಟ್ಟು, ಮರಿ ಹಾರುವಂತಾದ ಮೇಲೆ ಹೋಗುತ್ತವಂತೆ. "ಇವುಕ್ಕೆಲ್ಲ ಗುಡವಿನೇ ತವರು" ಎಂದ ಅಣ್ಣ.

ಇವು ಇಲ್ಲೇ ಹುಟ್ಟಿದವೋ ಅಲ್ಲವೋ ಯಾರು ಕೇಳಿದರು? ಮರ ಜಾಗ ಕೊಟ್ಟಿತು, ಬಂದವು. ಸ್ಪಂದನ ಇದನ್ನೆಲ್ಲ ನೋಡಿರುತ್ತಾಳೋ ಇಲ್ಲವೋ. ಹಾಸ್ಟೆಲಿನವರು ಪ್ರವಾಸಕ್ಕೆ ಕರೆತಂದಿದ್ದರೆ ಉಂಟು.

ಜುಲೈ 10, ಗುರುವಾರ. ಹುಣ್ಣಿಮೆ

ಅಣ್ಣ ಪಂಚಾಂಗ ಓದಿ ಹೇಳಿದ. ಇವತ್ತಿನ ಹುಣ್ಣಿಮೆಯ ಚಂದ್ರ ಪೂರ್ವಾಷಾಢ ನಕ್ಷತ್ರದಲ್ಲಿದ್ದಾನೆ. ಪೂರ್ವಾಷಾಢವೋ ಉತ್ತರಾಷಾಢವೋ, ಆ ಆಸುಪಾಸಿನಲ್ಲಿ ಹುಣ್ಣಿಮೆಯಾಗುವುದರಿಂದಲೇ ತಿಂಗಳಿಗೆ ಆಷಾಢ ಎಂಬ ಹೆಸರು. ನಾನು ಕನ್ನಡಕ ಹಾಕಿಕೊಂಡು ಈ ತಿಂಗಳ ಪುಟಗಳನ್ನು ಎರಡು ಸಲ ನೋಡಿದೆ. ಹೊಸ್ತಿಲಿನ ಮಾತು ಎಲ್ಲೂ ಇಲ್ಲ.

ಹಾಗಾದರೆ ನಾನು ಯಾಕೆ ಇಲ್ಲಿ ಕೂತಿದ್ದೇನೆ? ಬರೆದುಬಿಡುತ್ತೇನೆ.

1989ರಲ್ಲಿ ನನ್ನ ಮೊದಲ ಆಷಾಢ. ಇದೇ ಮನೆಗೆ ಬಂದಿದ್ದೆ. ಒಂಬತ್ತನೇ ದಿನ ಅಂಜನಾಪುರದ ಕಡೆ ಒಂದು ಕಷ್ಟದ ಹೆರಿಗೆ, ಬೇರೆ ನರ್ಸ್ ಇಲ್ಲ ಎಂದು ಜೀಪು ಕಳಿಸಿದರು. ಹೋದೆ. ತಾಯಿ ಮಗು ಇಬ್ಬರೂ ಉಳಿದರು. ವಾಪಸು ಬರಲು ಬಸ್ಸಿಲ್ಲದೆ ಶಿಕಾರಿಪುರದಲ್ಲಿ ಗಂಡನ ಮನೆಯಲ್ಲೇ ಎರಡು ದಿನ ಉಳಿದೆ. ಭಾದ್ರಪದದಲ್ಲಿ ನಮ್ಮತ್ತೆ ಎದೆನೋವು ಎಂದು ಮಲಗಿದವರು ಏಳಲಿಲ್ಲ. ಹನ್ನೊಂದನೇ ದಿನ ನಾದಿನಿ ಎಲ್ಲರೆದುರು ಹೇಳಿದಳು, "ಆಷಾಢದಾಗ ಹೊಸ್ತಿಲು ದಾಟಿ ನಮ್ಮವ್ವನ್ನ ನುಂಗಿದ್ಲು." ಯಾರೂ ಅಲ್ಲ ಎನ್ನಲಿಲ್ಲ. ಆಮೇಲೆ ಮೂವತ್ತಾರು ವರ್ಷ, ಪ್ರತಿ ಆಷಾಢಕ್ಕೂ ಯಾವುದೋ ನೆಪದಲ್ಲಿ ಆ ಮಾತು ತೆಗೆಯುತ್ತಾಳೆ. ಎದೆನೋವಿಗೆ ಕಾರಣ ಏನೆಂದು ನರ್ಸಾದ ನನಗೆ ಗೊತ್ತು. ಗೊತ್ತಿದ್ದೂ ನೋವಾಗುತ್ತದೆ.

ಇನ್ನೊಂದು ಇವತ್ತು ನೆನಪಾಯಿತು. ಅವತ್ತು ನೆನೆದು ಹೋಗಿ ಬಾಗಿಲಲ್ಲಿ ನಿಂತಾಗ, ಒಳಗೆ ಬರಲೋ ಬೇಡವೋ ಎಂದು ಅನುಮಾನಿಸಿದೆ. ನಮ್ಮತ್ತೆಯೇ ಬಂದು, "ಎಷ್ಟೊತ್ತು ನಿಂದರ್ತಿ, ಬಾ ಒಳಗ" ಎಂದು ಕೈಹಿಡಿದು ಎಳೆದುಕೊಂಡು, ತಮ್ಮ ಸೆರಗಿನಿಂದ ನನ್ನ ತಲೆ ಒರೆಸಿದರು. ನಾದಿನಿಯ ಮಾತನ್ನು ಒಂದಕ್ಷರ ಬಿಡದೆ ನೆನಪಿಟ್ಟುಕೊಂಡೆ. ಇದನ್ನು ಹೇಗೆ ಮರೆತೆ? ಬರೆಯುತ್ತಿದ್ದರೆ ಅಳು ಬರುತ್ತಿದೆ.

ಜುಲೈ 15, ಮಂಗಳವಾರ

ಬೆಳಗ್ಗೆ ಖತೀಜಾಬಿಯ ಫೋನು. "ನರ್ಸಮ್ಮಾ, ಬೇಜಾರ್ ಮಾಡ್ಕೋಬ್ಯಾಡ್ರಿ. ನಿಮ್ ಸೊಸೆ ಟ್ರಂಕು ತೊಳೆದು ಹಿತ್ತಲಾಗ ಒಣಗಿಸಾಕ ಇಟ್ಟಾಳ್ರೀ."

ಬೀದಿಯಲ್ಲಿ ಮಾತು ಹಬ್ಬಿದೆಯಂತೆ. ಸೊಸೆ ಬಂದು ಎರಡು ತಿಂಗಳಿಗೆ ಅತ್ತೆಯನ್ನು ಮನೆ ಬಿಡಿಸಿದಳು, ಹೆತ್ತವರಿಲ್ಲದೆ ಬೆಳೆದವಳಿಗೆ ಹಿರಿಯರ ಬೆಲೆ ಏನು ಗೊತ್ತು, ಹೀಗೆಲ್ಲ. ಅಂಚೆ ಕಚೇರಿಗೆ ಬಂದ ಯಾರೋ ಹೆಂಗಸು ಮುಖಕ್ಕೆ ಹೊಡೆದ ಹಾಗೆ ಕೇಳಿದಳಂತೆ. ಇವಳು ಹಾಸ್ಟೆಲಿನ ಮೇಡಂಗೆ ಫೋನ್ ಮಾಡಿ ಜಾಗ ಕೇಳಿದ್ದಾಳೆ. ನಾಳೆ ಸಂಜೆಯ ಬಸ್ಸಿಗೆ ಹೊರಡುತ್ತಾಳೆ. ತಾನು ಹೋದರೆ ಅತ್ತೆ ತಮ್ಮ ಮನೆಗೆ ತಾವು ಬರಬಹುದು ಎಂದಳಂತೆ. "ವಾಪಸ್ ಬರ್ತೀಯೇನವ್ವಾ ಅಂದ್ರ ಟ್ರಂಕೇ ಒರಸ್ತಾಳ್ರೀ" ಎಂದು ಖತೀಜಾಬಿ ಅತ್ತಳು.

ಶರತ್‌ಗೆ ಫೋನ್ ಮಾಡಿದೆ. "ನಾನು ಬೇಡ ಅಂದೆ ಅಮ್ಮ. ನೀನು ಯಾಕೆ ಹೋದೆ ಅಂತ ಅವಳು ಕೇಳ್ತಾಳೆ. ನಂಗೇ ಗೊತ್ತಿಲ್ಲ, ಏನ್ ಹೇಳ್ಲಿ?" ಎಂದ.

ನಾನು ಯಾವ ಮಾತಿನಿಂದ ಆ ಹುಡುಗಿಯನ್ನು ತಪ್ಪಿಸಲು ಬಂದೆನೋ, ಬಂದದ್ದರಿಂದಲೇ ಅಂಥ ಮಾತನ್ನು ಅವಳ ತಲೆಗೆ ಕಟ್ಟಿದೆ. ನಾಳೆ ಮೊದಲ ಬಸ್ಸು.

ಜುಲೈ 16, ಬುಧವಾರ. ಶಿಕಾರಿಪುರ

ಕ್ರಮವಾಗಿ ಬರೆಯುತ್ತೇನೆ.

ಸೊರಬದಲ್ಲಿ ಬಸ್ಸು ಬದಲಿಸಿ ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ನಮ್ಮ ಮನೆಯ ಮುಂದಿನ ಬಾಗಿಲ ತನಕ ಹೋದವಳು ನಿಂತುಬಿಟ್ಟೆ. ಕಾಲು ಏಳಲಿಲ್ಲ. ನಂಬುವುದಿಲ್ಲ ಎಂದು ನೂರು ಸಲ ಬರೆದಿದ್ದೇನೆ, ಆದರೂ ಏಳಲಿಲ್ಲ. ಖತೀಜಾಬಿ ಮನೆಗೆ ಹೋಗಿ, ಅವಳ ಹಿತ್ತಿಲು ದಾಟಿ, ನಡುಗೋಡೆಯ ಸಣ್ಣ ಬಾಗಿಲಿನಿಂದ ನಮ್ಮ ಹಿತ್ತಿಲಿಗೆ ಬಂದೆ. ಹಿತ್ತಿಲ ಬಾಗಿಲು ತೆರೆದಿತ್ತು. ಹೊಸ್ತಿಲಿನಾಚೆಯೇ ನಿಂತೆ. ಪಡಸಾಲೆಯಲ್ಲಿ ಸ್ಪಂದನ ಟ್ರಂಕಿನ ಮುಂದೆ ಕೂತಿದ್ದಳು. ತಟ್ಟೆ, ಲೋಟ, ಸೋಪಿನ ಡಬ್ಬಿ, 41 ಇದ್ದದ್ದೆಲ್ಲ ಒಳಗೆ ಹೋಗಿತ್ತು.

"ಬಂದ್ರಾ ಅತ್ತೆ? ನಾನು ಸಂಜೆ ಹೊರಡ್ತೀನಿ. ನಿಮ್ಮನೆ ಬಿಟ್ಟು ನೀವ್ಯಾಕೆ ಹೋಗ್ಬೇಕಿತ್ತು? ಒಂದ್ಮಾತು ಹೇಳಿದ್ರೆ ನಾನೇ ಹೋಗ್ತಿದ್ದೆ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನೇ ನನಗೆ ತಡೆಯಲಾಗಲಿಲ್ಲ.

ನಿಂತಲ್ಲೇ 1989ರ ಕಥೆ ಹೇಳಿದೆ. ಜೀಪು, ಹೆರಿಗೆ, ಅತ್ತೆಯ ಸೆರಗು, ಹನ್ನೊಂದನೇ ದಿನ, ಎಲ್ಲ. "ನನ್ನ ನಾದಿನಿ ನಂಗೆ ಅಂದಿದ್ದನ್ನ ನಾಳೆ ನಿಂಗೆ ಯಾರೂ ಅನ್ಬಾರ್ದು ಅಂತ ಹೋದೆ ಕಣೇ. ಹೇಳಿ ಹೋಗ್ಬೇಕಿತ್ತು, ಹೇಳ್ಲಿಲ್ಲ. ತಪ್ಪಾಯ್ತು."

ತಪ್ಪಾಯಿತು ಎಂದು ಇದಕ್ಕೆ ಮುಂಚೆ ಯಾರಿಗೆ, ಯಾವಾಗ ಹೇಳಿದ್ದೆನೋ ನೆನಪಿಲ್ಲ.

ಅವಳು ಕೈಯಲ್ಲಿದ್ದ ಟ್ರಂಕಿನ ಬೀಗ ಕೆಳಗಿಟ್ಟಳು. "ಹಾಗಾದ್ರೆ ನೀವು ನನ್ನ ಮುಖ ನೋಡೋಕಾಗ್ದೆ ಹೋಗಿದ್ದಲ್ಲ ಅಂತೀರಾ?"

"ನಿನ್ನ ಮುಖಕ್ಕೆ ಏನಾಗಿದೆ?" ಎಂದೆ. ಆಗ ಅತ್ತಳು. ಎರಡು ತಿಂಗಳಲ್ಲಿ ನಾನು ಅವಳ ದನಿ ಅಷ್ಟು ದೊಡ್ಡದಾಗಿ ಕೇಳಿಯೇ ಇರಲಿಲ್ಲ.

ಕಣ್ಣೊರೆಸಿಕೊಂಡು ಕೇಳಿದಳು, "ಈಗ ಒಳಗೆ ಬನ್ನಿ ಅಂದ್ರೆ ನೀವು ಬರೋ ಹಾಗಿಲ್ಲ. ಆಷಾಢ ಇನ್ನೂ ಎಂಟು ದಿನ ಇದೆ. ಏನ್ಮಾಡೋದು?"

ಆ ಗಳಿಗೆಯಲ್ಲಿ ನನಗೆ ಹೊಳೆಯಿತು. "ಒಂದೇ ಹೊಸ್ತಿಲು ದಾಟ್ಬಾರ್ದು ಅಷ್ಟೇ ತಾನೆ? ಈ ಮನೆಗೆ ಎರಡಿದಾವಲ್ಲ. ಇವತ್ತಿಂದ ಮುಂದಿನ ಬಾಗ್ಲು ನಿಂದು, ಹಿತ್ಲ ಬಾಗ್ಲು ನಂದು. ಶ್ರಾವಣದ ತನಕ ನಾನು ಅದನ್ನ ದಾಟಲ್ಲ, ನೀನು ಇದನ್ನ ದಾಟ್ಬೇಡ. ಯಾರೇ ಕೇಳಿದ್ರೂ ತೋರ್ಸಿ ಹೇಳಣ."

"ಬಟ್ಟೆ ಒಣಗ್ಸೋದು ಹಿತ್ತಿಲಲ್ಲಿ ಅಲ್ವಾ ಅತ್ತೆ?"

"ನಾನು ಒಣಗಿಸ್ತೀನಿ."

"ಮುಂದೆ ರಂಗೋಲಿ?"

"ನೀನೇ ಹಾಕು. ವಕ್ರ ಆದ್ರೆ ಆಗ್ಲಿ."

ನಕ್ಕಳು. ಆಚೆ ಖತೀಜಾಬಿ ನಡುಗೋಡೆಗೆ ಕಿವಿಯಿಟ್ಟು ನಿಂತಿದ್ದವಳೂ ನಕ್ಕದ್ದು ಕೇಳಿಸಿತು. ನಾನು ಬಲಗಾಲಿಟ್ಟು ಹಿತ್ತಿಲ ಹೊಸ್ತಿಲು ದಾಟಿ ಒಳಗೆ ಬಂದೆ.

ಜುಲೈ 19, ಶನಿವಾರ

ಮುಂದಿನ ಬಾಗಿಲಿಗೆ ಬಂದ ಹಾಲಿನವನಿಗೆ, ಖತೀಜಾಬಿ ಹಿತ್ತಿಲು ಸುತ್ತಿಕೊಂಡು ಬರುವ ನನ್ನನ್ನು ಕಂಡು ಗೊಂದಲ. ಸ್ಪಂದನ ಅವನಿಗೆ ವಿವರಿಸುತ್ತಿದ್ದಳು, ನಗು ತಡೆದುಕೊಂಡು. ರಂಗೋಲಿ ನಾನು ಅಂದುಕೊಂಡಷ್ಟು ವಕ್ರವಿಲ್ಲ.

ಶಿರಾಳಕೊಪ್ಪದಿಂದ ನಾದಿನಿಯ ಫೋನ್ ಬಂತು. "ಏನಬೇ, ಮುಂದಿನ ಬಾಗ್ಲಾನೇ ಸೊಸಿಗೆ ಬಿಟ್ಟುಕೊಟ್ಯಂತಲ್ಲ?" ಎಂದಳು. ಹೌದು, ಬಿಟ್ಟುಕೊಟ್ಟೆ ಎಂದೆ. ಮುಂದಿನದು ಕೇಳುವ ಪುರುಸೊತ್ತಿರಲಿಲ್ಲ, ಒಲೆಯ ಮೇಲೆ ಸಾರಿತ್ತು.

ಜುಲೈ 24, ಗುರುವಾರ. ಭೀಮನ ಅಮಾವಾಸ್ಯೆ

ಸ್ಪಂದನ ಬೆಳಗ್ಗೆ ಶರತ್‌ನ ಪಾದಪೂಜೆ ಮಾಡಿದಳು. ಕೈಗೆ ಗ್ರೀಸ್ ಮೆತ್ತಿಕೊಂಡೇ ಕೂತಿದ್ದ ಮಹಾಶಯ.

ಅಣ್ಣ ಬಂದಿದ್ದ, ಹೆಗಲ ಮೇಲೆ ಹೊಸ ಸ್ಟೀಲ್ ಬಿಂದಿಗೆ. ಆಷಾಢ ಮುಗಿಸಿ ತವರಿನಿಂದ ಬರಿಗೈಯಲ್ಲಿ ಹೋಗಬಾರದು, ನೀನು ಓಡಿಹೋದೆ ಎಂದು ಅತ್ತಿಗೆ ಕಳಿಸಿದ್ದಾಳೆ. "ಇದು ಅತ್ತೆಗೋ ಸೊಸಿಗೋ ನಂಗಂತೂ ಗೊತ್ತಾಗ್ಲಿಲ್ಲಪ್ಪ" ಎಂದು ಅದನ್ನು ನಡುಮನೆಯಲ್ಲಿಟ್ಟ.

"ನಿನ್ನ ಬದಲಿಗೆ ನಾನು ಆಷಾಢ ಕೂತು ಬಂದಿದ್ದು. ಬಿಂದಿಗೆ ನಿಂದೇ" ಎಂದು ಸ್ಪಂದನಳಿಗೆ ಕೊಟ್ಟೆ. ಅವಳು ಅದನ್ನು ಮಡಿಲಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಅದರ ಬೆನ್ನ ಮೇಲೆ ಏನೂ ಬರೆದಿರಲಿಲ್ಲ.

ಜುಲೈ 25, ಶುಕ್ರವಾರ. ಶ್ರಾವಣ

ಇವತ್ತಿನಿಂದ ಎರಡು ಬಾಗಿಲೂ ಇಬ್ಬರಿಗೂ. ನಾನು ಮರೆತು ಬೆಳಗ್ಗೆ ಹಿತ್ತಿಲಿನಿಂದಲೇ ಹೊರಟಿದ್ದೆ. ಸ್ಪಂದನ ಕರೆದು ಮುಂದಿನ ಬಾಗಿಲು ತೋರಿಸಿದಳು.

ಖತೀಜಾಬಿಯ ಗಂಡ ಅಬ್ದುಲ್ ರಹೀಂ ಸಾಹೇಬರದು ಪಾತ್ರೆ ಅಂಗಡಿ. ಮದುವೆಯ ಪಾತ್ರೆಗಳಿಗೆ ಮೆಷಿನ್ನಿನಲ್ಲಿ ಹೆಸರು ಹಾಕಿಕೊಡುತ್ತಾರೆ. ಸ್ಪಂದನ ಕೆಲಸಕ್ಕೆ ಹೊರಡುವ ಮೊದಲು ಅವಳನ್ನೂ ಬಿಂದಿಗೆಯನ್ನೂ ಕರೆದುಕೊಂಡು ಹೋದೆ. ಬಕೆಟ್ಟಿಗೆಲ್ಲ ಗೀಚಿಕೊಳ್ಳುವವಳು, ಇದಕ್ಕಾದರೂ ಅಚ್ಚುಕಟ್ಟಾಗಿ ಹೆಸರಿರಲಿ ಎಂದು. ಶುಕ್ರವಾರ ಅವರು ಮಧ್ಯಾಹ್ನಕ್ಕೆ ಮುಂಚೆಯೇ ನಮಾಜಿಗೆ ಹೊರಡುತ್ತಾರೆ, ಆದರೂ ನಮಗಾಗಿ ಮೆಷಿನ್ ತೆಗೆದು, ವೈರು ಚುಚ್ಚಿ, ಬಿಂದಿಗೆಯನ್ನು ತೊಡೆಯ ಮೇಲೆ ಕವುಚಿಕೊಂಡು ಕೇಳಿದರು, "ಹೇಳಮ್ಮ, ಏನಂತ ಹಾಕ್ಲಿ? ಹೆಸರು ಒಂದೇನಾ, ನಂಬರ್ ಏನಾದ್ರೂ ಇದೆಯಾ?"

ಸ್ಪಂದನ ನನ್ನ ಮುಖ ನೋಡಿದಳು. ಆಮೇಲೆ ಬಿಂದಿಗೆ ನೋಡಿದಳು.

"ಏನೂ ಬೇಡ ಚಾಚಾ" ಎಂದಳು. "ಮನೇಲಿ ಎಲ್ರೂ ನೀರು ಕುಡಿಯೋ ಬಿಂದಿಗೆ. ಹೆಸರು ಯಾಕೆ?"

ಪಾಪ, ಅವರಿಗೆ ಸುಮ್ಮನೆ ಮೆಷಿನ್ ತೆಗೆಸಿದ ಹಾಗಾಯಿತು. ನಾನು ದುಡ್ಡು ಕೊಡಬೇಕೋ ಬೇಡವೋ ಎಂದು ಪರ್ಸ್ ತೆರೆದು ಮುಚ್ಚಿದೆ. ಮನೆಗೆ ಬಂದು ಬಿಂದಿಗೆ ತೊಳೆದು, ನೀರು ತುಂಬಿ, ಅಡುಗೆಮನೆಯಲ್ಲಿ ಎಲ್ಲರ ಕೈಗೂ ಎಟುಕುವ ಕಡೆ ಇಟ್ಟಿದ್ದೇನೆ. ಪಕ್ಕದಲ್ಲೇ ಬೆಲ್ಲದ ಡಬ್ಬಿ. ಸಂಜೆ ನೋಡಿದರೆ ಒಂದು ಅಚ್ಚು ಬೆಲ್ಲ ಅರ್ಧವಾಗಿತ್ತು. ಯಾರೂ ನನ್ನನ್ನು ಕೇಳಿರಲಿಲ್ಲ.